ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಓವಲ್ ಟ್ರ್ಯಾಕ್ ಕಾರನ್ನು ಹದ ಮಾಡುವುದು ಹೇಗೆ

ನಾನು ಪಾನಾ ಹಿಡಿದ ಮೊದಲ ಸೀಸನ್‌ನಲ್ಲೇ ಒಂದು ಒಳ್ಳೆಯ ಕಾರನ್ನು ಒಂದೇ ಸಂಜೆಯಲ್ಲಿ ಕೆಡಿಸಿದ್ದೆ. ಅಮೆರಿಕದ ನಾರ್ತ್ ಕೆರೊಲಿನಾದ ಸಣ್ಣ ಡಾಂಬರು ಓವಲ್, ಅಂದರೆ ಮೊಟ್ಟೆಯಾಕಾರದ ರೇಸ್ ಟ್ರ್ಯಾಕ್ ಅದು. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂರುವ ನಾನು ಶನಿವಾರ ಮಾತ್ರ ಒಂದು ಪುಟ್ಟ ತಂಡಕ್ಕೆ ಕೈಯಾಳು. ಡ್ರೈವರ್ ಪ್ರಾಕ್ಟೀಸ್ ಮುಗಿಸಿ ಬಂದು, ತಿರುವಿನಿಂದ ಹೊರಬೀಳುವಾಗ ಹಿಂಭಾಗ ಜಾರುತ್ತಿದೆ ಎಂದರು. ಹಿಂದೆ ಜಾರುತ್ತಿದ್ದರೆ ಹಿಂದೆ ಭಾರ ಕೊಡಬೇಕು ತಾನೇ ಎಂದುಕೊಂಡು ಎಡ ಹಿಂದಿನ ಚಕ್ರದ ಮೇಲೆ ಭಾರ ಏರಿಸಿದೆ. ಮತ್ತೆ ಜಾರಿತು. ಇನ್ನಷ್ಟು ಏರಿಸಿದೆ. ಮೂರನೇ ಸಲ ಕಾರು ಗೋಡೆ ಸವರಿಕೊಂಡು ವಾಪಸು ಬಂತು.

ಆಗ ತಂಡದ ಹಿರಿಯರೊಬ್ಬರು ನನ್ನನ್ನು ಮೂರನೇ ತಿರುವಿನ ಬೇಲಿಯ ಹತ್ತಿರ ಕರೆದೊಯ್ದರು. ಕಾರಿನ ಬಾಲ ನೋಡಬೇಡ, ಮುಂದಿನ ಚಕ್ರ ನೋಡು ಅಂದರು. ನೋಡಿದೆ. ತಿರುವಿನ ನಡುವಿನಲ್ಲಿ ಮುಂದಿನ ಚಕ್ರಗಳು ವಿಪರೀತ ಎಡಕ್ಕೆ ತಿರುಗಿದ್ದವು, ಕಾರು ಮಾತ್ರ ತಿರುಗುತ್ತಿರಲಿಲ್ಲ. ಡ್ರೈವರ್ ಇನ್ನೂ ಸ್ಟೀರಿಂಗ್ ಎಳೆಯುತ್ತಿದ್ದರು. ವೇಗ ಇಳಿದ ಕ್ಷಣ ಆ ಅಡ್ಡ ತಿರುಗಿದ ಚಕ್ರಗಳು ಒಮ್ಮೆಲೇ ನೆಲ ಕಚ್ಚಿದವು, ಅದೇ ಹೊತ್ತಿಗೆ ಇವರ ಕಾಲು ಆಕ್ಸಿಲರೇಟರ್ ಮೇಲೆ ಬಿತ್ತು, ಬಾಲ ಹೊರಗೆ ಚಿಮ್ಮಿತು. ರೋಗ ಮುಂಭಾಗದ್ದು, ನಡು ತಿರುವಿನದು. ನಾನು ಬರೆ ಎಳೆದದ್ದು ಹಿಂಭಾಗಕ್ಕೆ, ಹೊರದಾರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತ ನಮ್ಮಲ್ಲಿ ಹೇಳುವುದು ಇದಕ್ಕೇ.

ಈ ಲೇಖನ ಆ ತಪ್ಪು ಮಾಡದಿರುವುದರ ಬಗ್ಗೆ. ಅಮೆರಿಕದ ಸಣ್ಣ ಊರುಗಳ ಓವಲ್‌ಗಳಲ್ಲಿ ಓಡುವ ಸ್ಟ್ರೀಟ್ ಸ್ಟಾಕ್, ಲೇಟ್ ಮಾಡೆಲ್ ಮಾದರಿಯ ಕಾರನ್ನು, ಅಂದರೆ ಹಿಂದೆ ಗಟ್ಟಿ ಆಕ್ಸಲ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಅಚ್ಚು) ಇರುವ, ಎಡಕ್ಕೆ ಮಾತ್ರ ತಿರುಗುವ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನಮ್ಮ ಕಡೆಯ ಚೆನ್ನೈ, ಕೊಯಮತ್ತೂರಿನ ಟ್ರ್ಯಾಕ್‌ಗಳಲ್ಲಿ ಕಾರು ಎಡಕ್ಕೂ ಬಲಕ್ಕೂ ತಿರುಗುತ್ತದೆ. ಕಾಲೇಜಿನಲ್ಲಿ ಫಾರ್ಮುಲಾ ಸ್ಟೂಡೆಂಟ್ ಕಾರು ಕಟ್ಟಿದ ಹುಡುಗ ಹುಡುಗಿಯರಿಗೆ ಇಲ್ಲಿನ ಲೆಕ್ಕ ಪರಿಚಿತವೇ ಅನ್ನಿಸೀತು, ಆದರೆ ಎಡ ಬಲ ಸಮ ಇರಬೇಕೆಂಬ ಅಭ್ಯಾಸವನ್ನು ಬಾಗಿಲ ಹೊರಗೇ ಬಿಟ್ಟು ಬನ್ನಿ.

ಮೊದಲು ಎರಡು ಪದ. ಮುಂಭಾಗ ತಿರುಗದೆ ಕಾರು ನೇರ ಗೋಡೆಯ ಕಡೆ ಹೋದರೆ ಅದು ಟೈಟ್. ಹಿಂಭಾಗ ಹೊರಕ್ಕೆ ಜಾರಿದರೆ ಲೂಸ್. ಪಿಟ್‌ನಲ್ಲಿ, ಅಂದರೆ ಟ್ರ್ಯಾಕ್ ಪಕ್ಕದ ಕೆಲಸದ ಜಾಗದಲ್ಲಿ, ಇಡೀ ರಾತ್ರಿ ನಡೆಯುವ ಮಾತುಕತೆ ಈ ಎರಡು ಪದಗಳ ಸುತ್ತಲೇ.

ಭಾರ ಎಷ್ಟು ಸರಿಯುತ್ತದೆ

ಚಾರ್ಮಾಡಿ ಘಾಟಿಯಲ್ಲಿ ಬಸ್ಸು ತಿರುವು ತೆಗೆದುಕೊಂಡಾಗ ಪಕ್ಕದವರ ಮೇಲೆ ಬಿದ್ದಿದ್ದೀರಲ್ಲ, ಕಾರಿನ ಭಾರವೂ ಹಾಗೇ ಹೊರಗಿನ ಚಕ್ರಗಳ ಮೇಲೆ ಬೀಳುತ್ತದೆ. ಎಷ್ಟು ಎಂಬುದಕ್ಕೆ ಸರಳ ಲೆಕ್ಕವಿದೆ: ಕಾರಿನ ತೂಕವನ್ನು ತಿರುವಿನ ಬಲದಿಂದ ಗುಣಿಸಿ, ಗುರುತ್ವ ಕೇಂದ್ರದ ಎತ್ತರದಿಂದ ಗುಣಿಸಿ, ಎಡ ಬಲ ಚಕ್ರಗಳ ನಡುವಿನ ಅಂತರದಿಂದ ಭಾಗಿಸಿ. ಡ್ರೈವರ್ ಸೇರಿ 2900 ಪೌಂಡ್ ಕಾರು, ತಿರುವಿನಲ್ಲಿ 1 ಜಿ (ಕಾರಿನ ತೂಕದಷ್ಟೇ) ಬಲ, ಗುರುತ್ವ ಕೇಂದ್ರ ನೆಲದಿಂದ 17 ಇಂಚು, ಚಕ್ರಗಳ ಅಂತರ 65 ಇಂಚು ಎಂದಿಟ್ಟುಕೊಳ್ಳಿ. ಸುಮಾರು 758 ಪೌಂಡ್ ಎಡದಿಂದ ಬಲಕ್ಕೆ ಸರಿಯಿತು.

ಈ ಲೆಕ್ಕದಲ್ಲಿ ಸ್ಪ್ರಿಂಗ್ ಎಂಬ ಪದವೇ ಇಲ್ಲ, ಗಮನಿಸಿ. ಸ್ಪ್ರಿಂಗ್ ಗಟ್ಟಿ ಹಾಕಿದರೆ ಕಾರು ಕಡಿಮೆ ವಾಲುತ್ತದೆ, ಆದರೆ ಸರಿಯುವ ಒಟ್ಟು ಭಾರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಒಟ್ಟು ಕಡಿಮೆಯಾಗಬೇಕಾದರೆ ಭಾರವನ್ನು ಕೆಳಗಿಳಿಸಬೇಕು, ಇಲ್ಲವೇ ಚಕ್ರಗಳನ್ನು ಅಗಲಿಸಬೇಕು. ಸ್ಪ್ರಿಂಗ್, ಸ್ವೇ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸಿ ಕಾರು ವಾಲುವುದನ್ನು ತಡೆಯುವ ಸರಳು), ಪ್ಯಾನ್‌ಹಾರ್ಡ್ ಬಾರ್ (ಹಿಂದಿನ ಆಕ್ಸಲನ್ನು ಹಿಡಿಯುವ ಅಡ್ಡ ಸರಳು) ಮಾಡುವುದು ಹಂಚಿಕೆ ಮಾತ್ರ: ಆ 758ರಲ್ಲಿ ಮುಂದಿನ ಜೋಡಿಗೆ ಎಷ್ಟು, ಹಿಂದಿನ ಜೋಡಿಗೆ ಎಷ್ಟು ಎಂಬುದು. ಜಾತ್ರೆಯಲ್ಲಿ ಪಲ್ಲಕ್ಕಿ ಹೊರುವಾಗ ಯಾರು ಮೊಣಕಾಲು ಬಗ್ಗಿಸುವುದಿಲ್ಲವೋ ಅವರ ಹೆಗಲಿಗೇ ಭಾರ. ಕಾರಿನ ಯಾವ ತುದಿ ಗಟ್ಟಿಯೋ ಆ ತುದಿ ಹೆಚ್ಚು ಭಾರ ಹೊರುತ್ತದೆ.

ಹೊತ್ತರೆ ಏನು ನಷ್ಟ? ಟೈರಿನ ಗುಣವೇ ಹಾಗಿದೆ. ಭಾರ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಎರಡು ಮೂಟೆಯನ್ನು ಇಬ್ಬರು ಹೊತ್ತರೆ ಆಗುವ ಕೆಲಸ ಒಬ್ಬನ ಮೇಲೆ ಎರಡೂ ಹೇರಿದರೆ ಆಗುವುದಿಲ್ಲ. ಆದ್ದರಿಂದ ಒಂದು ಜೋಡಿಯ ಎಡ ಬಲ ಟೈರುಗಳ ಮೇಲೆ ಭಾರ ಸಮವಾದಷ್ಟೂ ಆ ಜೋಡಿಯ ಹಿಡಿತ ಹೆಚ್ಚು. ಮುಂಭಾಗ ಗಟ್ಟಿಯಾದರೆ ಮುಂದಿನ ಜೋಡಿಯಲ್ಲಿ ಅಸಮತೋಲನ ಹೆಚ್ಚಿ ಕಾರು ಟೈಟ್ ಆಗುತ್ತದೆ. ಹಿಂಭಾಗ ಗಟ್ಟಿಯಾದರೆ ಲೂಸ್. ಈ ಒಂದು ಮಾತು ಅರ್ಥವಾದರೆ ಮುಂದಿನದರಲ್ಲಿ ಮುಕ್ಕಾಲು ಪಾಲು ನೀವೇ ಊಹಿಸಬಲ್ಲಿರಿ.

ಎಡಗಡೆ ಭಾರ ತುಂಬುವ ಗುಟ್ಟೂ ಇದೇ. ನಿಂತಾಗ ಎಡ ಬಲ ಸಮ ಇರುವ ಕಾರು ಮೇಲಿನ ಲೆಕ್ಕದಲ್ಲಿ ತಿರುವಿನಲ್ಲಿ ಎಡಕ್ಕೆ 692, ಬಲಕ್ಕೆ 2208 ಪೌಂಡ್ ಹೊರುತ್ತದೆ. ನಿಂತಾಗಲೇ ಎಡಕ್ಕೆ ಶೇ 55 ಇಟ್ಟರೆ 837 ಮತ್ತು 2063. ಅದಕ್ಕೇ ಎಲ್ಲರೂ ಸೀಸದ ಗಟ್ಟಿಗಳನ್ನು ಎಡ ಚಾಸಿಗೆ ಕಟ್ಟುವುದು, ಅದಕ್ಕೇ ನಿಯಮ ಪುಸ್ತಕಗಳು ಎಡ ಭಾರಕ್ಕೆ ಮಿತಿ ಹಾಕುವುದು. ಅಮೆರಿಕದ ಕಾರಿನಲ್ಲಿ ಡ್ರೈವರ್ ಕೂರುವುದೂ ಎಡಕ್ಕೇ. ನಮ್ಮ ಡ್ರೈವರ್ ತಮ್ಮ ಹೊಟ್ಟೆಯನ್ನು ಸೆಟಪ್‌ನ ಭಾಗ ಎಂದೇ ಸಮರ್ಥಿಸಿಕೊಳ್ಳುತ್ತಾರೆ.

ಸ್ಕೇಲ್ ಮೇಲೆ ನಿಲ್ಲಿಸುವ ಮುನ್ನ

ಗ್ಯಾರೇಜಿನ ಕೆಲಸ ಬೇಸರದ್ದು, ಆದರೆ ಇಲ್ಲಿ ಸೋಮಾರಿತನ ಮಾಡಿದರೆ ಟ್ರ್ಯಾಕಿನಲ್ಲಿ ಮಾಡುವ ಪ್ರತಿ ಬದಲಾವಣೆಯೂ ಕತ್ತಲಲ್ಲಿ ಕಲ್ಲು ಹೊಡೆದಂತೆ.

ಕಾರನ್ನು ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಸ್ಪ್ರಿಂಗ್ ಮತ್ತು ಶಾಕ್ (ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್) ಬಿಚ್ಚಿ, ಪ್ರತಿ ಚಕ್ರವನ್ನೂ ಮೇಲೆ ಕೆಳಗೆ ಆಡಿಸಿ. ಎಲ್ಲೂ ಸಿಕ್ಕಿಕೊಳ್ಳಬಾರದು. ಒಣಗಿದ ಬುಶ್, ಬಗ್ಗಿದ ಶಾಕ್ ರಾಡ್, ವಿಪರೀತ ಬಿಗಿದ ಬೋಲ್ಟ್ ಇವು ಲೆಕ್ಕಕ್ಕೆ ಸಿಗದ ಸ್ಪ್ರಿಂಗ್‌ಗಳಂತೆ ವರ್ತಿಸುತ್ತವೆ. ಸ್ಪ್ರಿಂಗ್‌ಗಳನ್ನು ಅಳೆಯುವ ಯಂತ್ರ ಸಿಕ್ಕರೆ ಅವುಗಳನ್ನೂ ಅಳೆಯಿರಿ. ಮೇಲೆ ಬರೆದ ಸಂಖ್ಯೆಯೇ ನಿಜ ಅಂತ ನಂಬಬೇಡಿ, ಹಳೆಯ ಸ್ಪ್ರಿಂಗ್ ಸುಸ್ತಾಗಿರುತ್ತದೆ.

ಆಮೇಲೆ ಟೈರುಗಳಿಗೆ ರೇಸಿನ ಒತ್ತಡದಷ್ಟೇ ಗಾಳಿ. ಇಂಧನ ಅರ್ಧ. ಸೀಟಿನಲ್ಲಿ ಡ್ರೈವರ್, ಅವರು ಬರದಿದ್ದರೆ ಅವರಷ್ಟೇ ತೂಕದ ಮರಳಿನ ಚೀಲ. ಪೆಟ್ರೋಲ್ ಗ್ಯಾಲನ್‌ಗೆ ಸುಮಾರು 6 ಪೌಂಡ್ ತೂಗುತ್ತದೆ. ಟ್ಯಾಂಕ್ ಇರುವುದು ತೀರಾ ಹಿಂದೆ. 10 ಗ್ಯಾಲನ್ ಉರಿದರೆ ಹಿಂಭಾಗದಿಂದ 60 ಪೌಂಡ್ ಮಾಯ. ಹಾಗಾಗಿ ತುಂಬಿದ ಟ್ಯಾಂಕಿನಲ್ಲೊಮ್ಮೆ, ಖಾಲಿ ಟ್ಯಾಂಕಿನಲ್ಲೊಮ್ಮೆ ತೂಗಿ ಬರೆದಿಟ್ಟುಕೊಂಡರೆ ರೇಸಿನ ಕೊನೆಯ ಸುತ್ತುಗಳಲ್ಲಿ ಕಾರು ಯಾಕೆ ಬದಲಾಯಿತು ಎಂಬುದಕ್ಕೆ ಉತ್ತರ ಸಿಗುತ್ತದೆ.

ನಾಲ್ಕು ಸ್ಕೇಲ್‌ಗಳೂ ಒಂದೇ ಮಟ್ಟದಲ್ಲಿರಲಿ. ಒಂದರ ಕೆಳಗೆ ಕಾಲು ಇಂಚು ವ್ಯತ್ಯಾಸವಿದ್ದರೂ ಕರ್ಣದ ಲೆಕ್ಕ ಕೆಟ್ಟಂತೆ. ಮಟ್ಟಗೋಲು ಇಟ್ಟು, ತಗ್ಗಿರುವ ಕಡೆ ತೆಳ್ಳನೆಯ ವಿನೈಲ್ ಹಾಸು ಸೇರಿಸಿ, ನೆಲದ ಮೇಲೆ ಬಣ್ಣದಿಂದ ಗುರುತು ಹಾಕಿಕೊಳ್ಳಿ. ಮುಂದಿನ ಸಲವೂ ಅದೇ ಜಾಗ. ಸ್ವೇ ಬಾರ್‌ನ ಒಂದು ಕೊಂಡಿ ಬಿಚ್ಚಿ, ಕಾರನ್ನು ನಾಲ್ಕಾರು ಸಲ ಕುಲುಕಿಸಿ, ಮೊದಲು ನಾಲ್ಕು ಮೂಲೆಯ ಎತ್ತರ ಅಳೆದು, ಆಮೇಲೆ ತೂಕ ನೋಡಿ.

ನಾಲ್ಕು ಸಂಖ್ಯೆ, ಮೂರು ಶೇಕಡಾ

ನಮ್ಮ 2900 ಪೌಂಡ್ ಕಾರು ಹೀಗೆ ತೂಗಿತು ಅಂದುಕೊಳ್ಳಿ: ಎಡ ಮುಂದೆ 768, ಬಲ ಮುಂದೆ 682, ಎಡ ಹಿಂದೆ 827, ಬಲ ಹಿಂದೆ 623.

ಎಡದ ಎರಡು ಕೂಡಿಸಿದರೆ 1595, ಅಂದರೆ ಶೇ 55. ಹಿಂದಿನ ಎರಡು 1450, ಶೇ 50. ಮೂರನೆಯದು ಕ್ರಾಸ್: ಬಲ ಮುಂದಿನದು ಮತ್ತು ಎಡ ಹಿಂದಿನದು, ಒಟ್ಟು 1509, ಶೇ 52. ಇದನ್ನೇ ಕೆಲವರು ವೆಜ್ ಅನ್ನುತ್ತಾರೆ.

ಕ್ರಾಸ್ ಎಂದರೆ ಏನು ಎಂಬುದಕ್ಕೆ ಹೋಟೆಲ್ ಮೇಜಿಗಿಂತ ಒಳ್ಳೆಯ ಪಾಠ ಇಲ್ಲ. ಮೇಜು ಕುಂಟುತ್ತದೆ, ಮಾಣಿ ಬಂದು ಒಂದು ಕಾಲಿನ ಕೆಳಗೆ ಕಾಗದ ಮಡಚಿ ಇಡುತ್ತಾನೆ. ಆ ಕಾಲಿನ ಮೇಲೂ ಅದರ ಎದುರು ಮೂಲೆಯ ಕಾಲಿನ ಮೇಲೂ ಭಾರ ಏರುತ್ತದೆ, ಉಳಿದೆರಡರ ಮೇಲೆ ಇಳಿಯುತ್ತದೆ. ಮೇಜಿನ ತೂಕವಂತೂ ಬದಲಾಗಲಿಲ್ಲ. ಕಾರಿನಲ್ಲಿ ಆ ಕಾಗದದ ಕೆಲಸ ಮಾಡುವುದು ಸ್ಪ್ರಿಂಗಿನ ಮೇಲಿರುವ ಜಾಕ್ ಬೋಲ್ಟ್. ಎಡ ಹಿಂದಿನ ಬೋಲ್ಟನ್ನು ಕೆಳಕ್ಕೆ ತಿರುಗಿಸಿ ನಾಲ್ಕೂ ಮೂಲೆಯಲ್ಲಿ 15 ಪೌಂಡ್ ಆಚೀಚೆ ಆಯಿತೆನ್ನಿ. ಎಡ ಹಿಂದೆ 842, ಬಲ ಮುಂದೆ 697, ಎಡ ಮುಂದೆ 753, ಬಲ ಹಿಂದೆ 608. ಕ್ರಾಸ್ 1539ಕ್ಕೆ ಏರಿ ಶೇ 53 ಆಯಿತು. ಎಡ ಮೊತ್ತ ನೋಡಿ, ಅದೇ 1595. ಹಿಂದಿನ ಮೊತ್ತ ಅದೇ 1450.

ಹೊಸಬರು ಇಲ್ಲಿ ತಾಸುಗಟ್ಟಲೆ ಕಳೆಯುತ್ತಾರೆ, ನಾನೂ ಕಳೆದಿದ್ದೇನೆ. ಬೋಲ್ಟ್ ತಿರುಗಿಸಿ ಎಡ ಶೇಕಡಾ ಬದಲಿಸಲು ಆಗುವುದೇ ಇಲ್ಲ. ಅದಕ್ಕೆ ಸೀಸವನ್ನೇ ಬಿಚ್ಚಿ ಕಟ್ಟಬೇಕು. 40 ಪೌಂಡ್ ಸೀಸವನ್ನು 50 ಇಂಚು ಎಡಕ್ಕೆ ಸರಿಸಿದರೆ, 65 ಇಂಚಿನ ಅಂತರದಲ್ಲಿ, ಎಡಕ್ಕೆ ಸುಮಾರು 31 ಪೌಂಡ್ ಬಂತು, ಅಂದರೆ ಶೇ 1. ಹೀಗಾಗಿ ಕ್ರಮ ಇದು: ಮೊದಲು ಸೀಸದಿಂದ ಎಡ ಮತ್ತು ಹಿಂದಿನ ಶೇಕಡಾ ಸರಿ ಮಾಡಿ, ಕೊನೆಗೆ ಬೋಲ್ಟ್‌ನಿಂದ ಕ್ರಾಸ್. ಸೀಸದ ಗಟ್ಟಿಗೆ ಬಿಳಿ ಬಣ್ಣ ಬಳಿದು ಕಾರಿನ ನಂಬರ್ ಬರೆಯಬೇಕೆಂಬ ನಿಯಮ ಬಹಳ ಟ್ರ್ಯಾಕ್‌ಗಳಲ್ಲಿದೆ. ಬಿಚ್ಚಿಕೊಂಡು ಟ್ರ್ಯಾಕ್ ಮೇಲೆ ಬಿದ್ದರೆ ಯಾರದೆಂದು ಗೊತ್ತಾಗಲಿ ಅಂತ. ಎರಡೆರಡು ಬೋಲ್ಟ್ ಹಾಕಿ ಬಿಗಿಯಿರಿ, ಹಿಂದಿನ ಕಾರಿನವರಿಗೂ ಮನೆ ಮಠ ಇದೆ.

ಕ್ರಾಸ್ ಹೆಚ್ಚಿದರೆ ಕಾರು ಟೈಟ್ ಕಡೆ ವಾಲುತ್ತದೆ. ಎಡ ಹಿಂದಿನ ಟೈರಿನ ಮೇಲೆ ಭಾರ ಉಳಿದದ್ದರಿಂದ ಹಿಂದಿನ ಜೋಡಿ ತಿರುವಿನಲ್ಲಿ ಹೆಚ್ಚು ಸಮವಾಗುತ್ತದೆ, ಮುಂದಿನ ಜೋಡಿ ಇನ್ನಷ್ಟು ಬಲಕ್ಕೆ ವಾಲುತ್ತದೆ. ಕಡಿಮೆ ಮಾಡಿದರೆ ಲೂಸ್. ಒಂದು ಸಲಕ್ಕೆ ಅರ್ಧ ಶೇಕಡಾ ಸಾಕು. ಅಮೆರಿಕದ ದೊಡ್ಡ ಸ್ಟಾಕ್ ಕಾರ್ ಸರಣಿಯಾದ ನ್ಯಾಸ್ಕಾರ್ ರೇಸಿನ ಪಿಟ್ ಸ್ಟಾಪ್‌ನಲ್ಲಿ ಒಬ್ಬ ಕಾರಿನ ಹಿಂದಿನ ಗಾಜಿನ ಬಳಿ ಉದ್ದ ಪಾನಾ ತೂರಿಸಿ ತಿರುಗಿಸುವುದನ್ನು ಟಿವಿಯಲ್ಲಿ ನೋಡಿರುತ್ತೀರಿ, ಅದು ಸಾಮಾನ್ಯವಾಗಿ ಇದೇ ಕೆಲಸ. ತೆರೆದ ಚಕ್ರದ ರೇಸ್ ಕಾರುಗಳ ಸರಣಿಯಾದ ಇಂಡಿಕಾರ್‌ನವರಿಗೆ ಓವಲ್‌ನಲ್ಲಿ ಇನ್ನೂ ಸುಖ: ಡ್ರೈವರ್ ಕೂತಲ್ಲೇ ಗುಂಡಿ ಒತ್ತಿ ಕ್ರಾಸ್ ಬದಲಿಸುತ್ತಾರೆ.

ಸ್ಟ್ಯಾಗರ್

ಪೇಪರ್ ಲೋಟವನ್ನು ಮಲಗಿಸಿ ಉರುಳಿಸಿದರೆ ಅದು ತಾನಾಗಿಯೇ ವೃತ್ತ ಹೊಡೆಯುತ್ತದೆ. ಹಿಂದಿನ ಎರಡು ಚಕ್ರಗಳು ಒಟ್ಟಿಗೇ ತಿರುಗುವಂತೆ ಲಾಕ್ ಆಗಿರುವ ಕಾರಿಗೂ ಇದೇ ಉಪಾಯ: ಬಲ ಹಿಂದಿನ ಟೈರನ್ನು ಎಡದ್ದಕ್ಕಿಂತ ದೊಡ್ಡದು ಹಾಕುವುದು. ಎರಡರ ಸುತ್ತಳತೆಯ ವ್ಯತ್ಯಾಸವೇ ಸ್ಟ್ಯಾಗರ್.

ಎಷ್ಟು ಬೇಕು ಎಂದು ಲೆಕ್ಕ ಹಾಕಬಹುದು. ತಿರುವಿನ ತ್ರಿಜ್ಯ 200 ಅಡಿ, ಅಂದರೆ 2400 ಇಂಚು. ಚಕ್ರಗಳ ಅಂತರ 65 ಇಂಚು. ಹೊರ ಚಕ್ರದ ದಾರಿ 2432.5, ಒಳ ಚಕ್ರದ್ದು 2367.5 ಇಂಚು ತ್ರಿಜ್ಯದ್ದು. ಎಡ ಟೈರಿನ ಸುತ್ತಳತೆ 86 ಇಂಚಾದರೆ ಬಲದ್ದು 88.36 ಇರಬೇಕು. ಸ್ಟ್ಯಾಗರ್ ಎರಡೂ ಕಾಲು ಇಂಚಿಗಿಂತ ಸ್ವಲ್ಪ ಹೆಚ್ಚು. ಆದರೆ ಕಾರು ನೇರ ದಾರಿಯಲ್ಲೂ ಓಡಬೇಕಲ್ಲ, ಅಲ್ಲಿ ಇದೇ ಸ್ಟ್ಯಾಗರ್ ಕಾರನ್ನು ಎಡಕ್ಕೆ ಎಳೆದು ವೇಗ ತಿನ್ನುತ್ತದೆ. ಲೆಕ್ಕದಿಂದ ಆರಂಭಿಸಿ, ಕಾಲು ಕಾಲು ಇಂಚು ಬದಲಿಸಿ ನೋಡಿ. ಹೆಚ್ಚಿದರೆ ಲೂಸ್, ಕಡಿಮೆಯಾದರೆ ಟೈಟ್, ತಿರುವಿಗೆ ನುಗ್ಗುವಾಗ, ನಡುವಿನಲ್ಲಿ, ಹೊರಬೀಳುವಾಗ ಮೂರೂ ಹಂತಗಳಲ್ಲಿ.

ಅಳತೆಗೆ ಸಪೂರ ಉಕ್ಕಿನ ಟೇಪ್ ಬಳಸಿ, ಟೈರಿನ ನಡುಗೆರೆಯ ಮೇಲೆ. ಪ್ರಾಕ್ಟೀಸ್ ಮುಗಿದು ಬಿಸಿ ಇರುವಾಗ ಮತ್ತೊಮ್ಮೆ ಅಳೆಯಿರಿ. ಬಯಾಸ್ ಟೈರು ಒತ್ತಡ ಏರಿದಂತೆ ಉಬ್ಬುತ್ತದೆ, ಬೆಳಗಿನ ಎರಡು ಇಂಚು ಸಂಜೆಗೆ ಎರಡೂವರೆ ಆಗಿದ್ದರೆ ಕಾರು ಲೂಸ್ ಆದದ್ದಕ್ಕೆ ಸ್ಪ್ರಿಂಗನ್ನು ಬೈಯಬೇಕಿಲ್ಲ. ರೇಡಿಯಲ್ ಟೈರು ಗಾಳಿಯಿಂದ ಅಷ್ಟಾಗಿ ಬೆಳೆಯುವುದಿಲ್ಲ, ಅಲ್ಲಿ ಟೈರನ್ನೇ ಆರಿಸಿಕೊಳ್ಳಬೇಕು.

ಮುಂದಿನ ಚಕ್ರಗಳ ವಾಲು

ಇದನ್ನು ಬೇಗ ಮುಗಿಸುತ್ತೇನೆ. ಎರಡೂ ಮುಂದಿನ ಚಕ್ರಗಳ ಮೇಲ್ತುದಿ ಎಡಕ್ಕೆ ವಾಲಿರಲಿ, ತಿರುವಿನಲ್ಲಿ ಸೈಕಲ್ ಸವಾರ ವಾಲುವ ಹಾಗೆ. ಈ ವಾಲಿಗೆ ಕ್ಯಾಂಬರ್ ಅನ್ನುತ್ತಾರೆ, ಮೇಲ್ತುದಿ ಕಾರಿನ ಒಳಕ್ಕೆ ವಾಲಿದರೆ ಋಣ, ಹೊರಕ್ಕಾದರೆ ಧನ. ಬಲ ಚಕ್ರಕ್ಕೆ ಋಣ ಕ್ಯಾಂಬರ್ 3ರಿಂದ 4 ಡಿಗ್ರಿ, ಎಡಕ್ಕೆ ಧನ 2ರಿಂದ 3 ಡಿಗ್ರಿ ಆರಂಭಕ್ಕೆ ಸಾಕು, ಉಳಿದದ್ದನ್ನು ಟೈರಿನ ಬಿಸಿಯೇ ಹೇಳುತ್ತದೆ. ಕ್ಯಾಸ್ಟರ್, ಅಂದರೆ ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಬಲಕ್ಕೆ ಎಡಕ್ಕಿಂತ ಎರಡು ಡಿಗ್ರಿ ಹೆಚ್ಚಿದ್ದರೆ ಕಾರು ತಾನಾಗಿ ಎಡಕ್ಕೆ ಎಳೆಯುತ್ತದೆ, ಡ್ರೈವರ್ ತೋಳಿಗೆ ವಿಶ್ರಾಂತಿ. ಟೋ, ಅಂದರೆ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ನೋಡುವುದು, ಹೊರಕ್ಕೆ ಇಂಚಿನ ಎಂಟನೇ ಒಂದು ಭಾಗ. ಚಕ್ರ ಮೇಲೆ ಕೆಳಗೆ ಆಡುವಾಗ ಟೋ ಬದಲಾಗುತ್ತಿದೆಯೇ ಎಂಬುದನ್ನೂ ನೋಡಿ. ಅದಕ್ಕೆ ಬಂಪ್ ಸ್ಟಿಯರ್ ಅನ್ನುತ್ತಾರೆ. ಅದು ಇರುವ ಕಾರು ಪ್ರತಿ ಗುಂಡಿಗೂ ತನ್ನಿಷ್ಟದಂತೆ ತಿರುಗುತ್ತದೆ.

ಟ್ರ್ಯಾಕ್ ಎಂಥದ್ದು

ಬೇರೆಯವರ ಸೆಟಪ್ ಹಾಳೆಯನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ. ವಿನ್‌ಸ್ಟನ್ ಸೇಲಮ್‌ನ ಬೌಮನ್ ಗ್ರೇ ಸ್ಟೇಡಿಯಂನಲ್ಲಿ ಫುಟ್‌ಬಾಲ್ ಮೈದಾನದ ಸುತ್ತ ಕಾಲು ಮೈಲಿಯ ಸಪಾಟು ಓವಲ್ ಇದೆ, 1949ರಿಂದ ನ್ಯಾಸ್ಕಾರ್ ವಾರದ ರೇಸ್‌ಗಳು ನಡೆಯುತ್ತಿವೆ. ಟೆನೆಸ್ಸಿಯ ಬ್ರಿಸ್ಟಲ್ 0.533 ಮೈಲಿ, ತಿರುವಿನಲ್ಲಿ ನೆಲ ಒಳಕ್ಕೆ 24ರಿಂದ 28 ಡಿಗ್ರಿ ಇಳಿಜಾರು. ವರ್ಜೀನಿಯಾದ ಮಾರ್ಟಿನ್ಸ್‌ವಿಲ್ ಅಷ್ಟೇ ಉದ್ದ, 0.526 ಮೈಲಿ, ಆದರೆ ತಿರುವು 12 ಡಿಗ್ರಿ ಮಾತ್ರ. ಇಳಿಜಾರು ಹೆಚ್ಚಿದಂತೆ ಕಾರು ನೆಲಕ್ಕೆ ಒತ್ತಿಕೊಳ್ಳುತ್ತದೆ, ನಾಲ್ಕೂ ಸ್ಪ್ರಿಂಗ್ ಕುಗ್ಗುತ್ತವೆ, ಬಲಗಡೆಯವು ಎಲ್ಲಕ್ಕಿಂತ ಹೆಚ್ಚು. ಅಲ್ಲಿ ಗಟ್ಟಿ ಸ್ಪ್ರಿಂಗ್ ಬೇಕು. ಸಪಾಟು ಟ್ರ್ಯಾಕಿನಲ್ಲಿ ಅದೇ ಸ್ಪ್ರಿಂಗ್ ಹಾಕಿದರೆ ಮುಂಭಾಗ ಮರದ ಕೊರಡು. ಮಾರ್ಟಿನ್ಸ್‌ವಿಲ್‌ನಂಥ ಕಡೆ ಬ್ರೇಕ್ ಹಿಡಿಯುವುದೇ ಅರ್ಧ ರೇಸ್, ಬ್ರೇಕ್ ಹಂಚಿಕೆಯೂ ಸೆಟಪ್‌ನ ಭಾಗ.

ಪ್ರಾಕ್ಟೀಸ್: ಎಲ್ಲಿ ಶುರುವಾಯಿತು ಎಂದು ಕೇಳಿ

ಇಲ್ಲಿಂದ ನಿಜವಾದ ಕೆಲಸ. ಡ್ರೈವರ್ ಐದಾರು ಸುತ್ತು ಹೊಡೆದು ಬರಲಿ. ಬಂದ ಕೂಡಲೇ ಏನಾಯಿತು ಎಂದು ಕೇಳಬೇಡಿ, ಎಲ್ಲಿ ಶುರುವಾಯಿತು ಎಂದು ಕೇಳಿ. ತಿರುವನ್ನು ಮೂರು ತುಂಡು ಮಾಡಿಕೊಳ್ಳಿ: ಆಕ್ಸಿಲರೇಟರ್ ಬಿಟ್ಟು ಬ್ರೇಕ್ ಹಿಡಿದು ನುಗ್ಗುವುದು, ನಡು ತಿರುವು, ಮತ್ತೆ ಆಕ್ಸಿಲರೇಟರ್ ಒತ್ತಿ ಹೊರಬೀಳುವುದು. ನುಗ್ಗುವಲ್ಲಿ ತೊಂದರೆ ಇದ್ದರೆ ಅದನ್ನು ಸರಿ ಮಾಡದೆ ನಡು ತಿರುವನ್ನು ಮುಟ್ಟಬೇಡಿ. ನಡು ಸರಿಯಾಗದೆ ಹೊರದಾರಿಯನ್ನು ಮುಟ್ಟಬೇಡಿ. ಒಬ್ಬರು ಬೇಲಿಯ ಬಳಿ ನಿಂತು ಮುಂದಿನ ಚಕ್ರ ಎಷ್ಟು ತಿರುಗಿದೆ ಎಂದು ನೋಡಲೇಬೇಕು. ಡ್ರೈವರ್‌ಗೆ ನೆನಪಿರುವುದು ಕೊನೆಗೆ ಹೆದರಿಸಿದ ಕ್ಷಣ, ಅದಕ್ಕೆ ಕಾರಣವಾದ ಕ್ಷಣವಲ್ಲ.

ಕಾರು ನಿಂತ ತಕ್ಷಣ ಟೈರಿನ ಬಿಸಿ ತೆಗೆಯಿರಿ. ಸೂಜಿ ಚುಚ್ಚುವ ಮಾಪಕವೇ ಒಳ್ಳೆಯದು, ದೂರದಿಂದ ನೋಡುವ ಇನ್‌ಫ್ರಾರೆಡ್ ಮಾಪಕ ಮೇಲ್ಮೈಯನ್ನು ಮಾತ್ರ ಓದುತ್ತದೆ, ಮೇಲ್ಮೈ ಬೇಗ ಆರುತ್ತದೆ. ಬಲ ಮುಂದಿನದರಿಂದ ಶುರು, ಪ್ರತಿ ಸಲ ಅದೇ ಕ್ರಮ, ಪ್ರತಿ ಟೈರಿಗೂ ಒಳ ಅಂಚು, ನಡು, ಹೊರ ಅಂಚು. ನಡು ಹೆಚ್ಚು ಬಿಸಿ ಇದ್ದರೆ ಗಾಳಿ ಹೆಚ್ಚು, ಅಂಚುಗಳು ಹೆಚ್ಚಿದ್ದರೆ ಗಾಳಿ ಕಡಿಮೆ. ಬಲ ಮುಂದಿನದರ ಹೊರ ಅಂಚು ಹೆಚ್ಚು ಬೆಂದಿದ್ದರೆ ಕ್ಯಾಂಬರ್ ಸಾಲದು, ಅಥವಾ ಕಾರು ಟೈಟ್ ಆಗಿ ಆ ಟೈರನ್ನು ಉಜ್ಜುತ್ತಿದೆ. ಬಲ ಮುಂದಿನದರ ಸರಾಸರಿ ಬಲ ಹಿಂದಿನದಕ್ಕಿಂತ ಬಹಳ ಹೆಚ್ಚಿದ್ದರೆ ಟೈಟ್, ಹಿಂದಿನದು ಹೆಚ್ಚಿದ್ದರೆ ಲೂಸ್. ಡ್ರೈವರ್ ಲೂಸ್ ಅನ್ನುತ್ತಿದ್ದಾರೆ, ಬಲ ಮುಂದಿನ ಟೈರು ಸುಡುತ್ತಿದೆ ಎಂದರೆ ನನ್ನ ಮೊದಲ ಸೀಸನ್ನಿನ ಕಥೆ ಮತ್ತೆ ನಡೆಯುತ್ತಿದೆ. ಆ ರಾತ್ರಿ ನಾನು ಮಾಪಕವನ್ನು ಪೆಟ್ಟಿಗೆಯಿಂದ ತೆಗೆದಿರಲೇ ಇಲ್ಲ.

ನುಗ್ಗುವಾಗ ಲೂಸ್ ಆದರೆ ಮೊದಲು ಬ್ರೇಕ್ ಹಂಚಿಕೆ ನೋಡಿ, ಹಿಂದಿನ ಬ್ರೇಕ್ ಹೆಚ್ಚಾಗಿರಬಹುದು. ಆಮೇಲೆ ಸ್ಟ್ಯಾಗರ್. ಆಮೇಲೆ ಪ್ಯಾನ್‌ಹಾರ್ಡ್ ಬಾರ್: ಹಿಂದಿನ ಆಕ್ಸಲನ್ನು ಅಕ್ಕಪಕ್ಕ ಸರಿಯದಂತೆ ಹಿಡಿಯುವ ಈ ಅಡ್ಡ ಸರಳನ್ನು ಎರಡೂ ತುದಿಯಲ್ಲಿ ಅರ್ಧ ಇಂಚು ಇಳಿಸಿದರೆ ಹಿಂಭಾಗ ಹೊರುವ ಪಾಲು ಕಡಿಮೆಯಾಗಿ ಕಾರು ಟೈಟ್ ಕಡೆ ಬರುತ್ತದೆ, ಏರಿಸಿದರೆ ಲೂಸ್. ನುಗ್ಗುವಾಗ ಟೈಟ್ ಆದರೆ ಇವೇ ಮೂರು, ತಿರುಗುಮುರುಗು.

ನಡು ತಿರುವು ಸ್ಪ್ರಿಂಗ್‌ಗಳ ರಾಜ್ಯ, ಯಾಕೆಂದರೆ ಅಲ್ಲಿ ಕಾರು ಒಂದು ಕ್ಷಣ ವಾಲಿ ನಿಂತಿರುತ್ತದೆ. ಟೈಟ್ ಇದ್ದರೆ ಬಲ ಮುಂದಿನ ಸ್ಪ್ರಿಂಗ್ ಮೆತ್ತಗೆ ಮಾಡಿ, ಅಥವಾ ಸ್ವೇ ಬಾರ್ ತೆಳ್ಳಗಿನದು ಹಾಕಿ, ಅಥವಾ ಬಲ ಹಿಂದಿನದನ್ನು ಗಟ್ಟಿ ಮಾಡಿ. ಈ ಮೂರರಲ್ಲಿ ಕೊನೆಯದನ್ನು ನಾನು ಕೊನೆಗೇ ಮಾಡುತ್ತೇನೆ: ಅದು ಮುಂಭಾಗಕ್ಕೆ ಹಿಡಿತ ಕೊಡುವುದಿಲ್ಲ, ಹಿಂಭಾಗದ್ದನ್ನು ಕಿತ್ತುಕೊಂಡು ಸಮ ಮಾಡುತ್ತದೆ. ಸಮತೋಲನ ಬರುತ್ತದೆ, ಸಮಯ ಬರುವುದಿಲ್ಲ. ಸ್ಪ್ರಿಂಗ್ ಬದಲಾವಣೆ 25ರಿಂದ 50 ಪೌಂಡ್ (ಸ್ಪ್ರಿಂಗ್ ಒಂದು ಇಂಚು ಕುಗ್ಗಲು ಬೇಕಾಗುವ ಭಾರದ ಲೆಕ್ಕದಲ್ಲಿ) ಒಳಗೇ ಇರಲಿ. ಸ್ಪ್ರಿಂಗ್ ಬದಲಿಸಿದ ಮೇಲೆ ಎತ್ತರವೂ ಕ್ರಾಸೂ ಬದಲಾಗಿರುತ್ತದೆ. ಮತ್ತೆ ಸ್ಕೇಲ್ ಮೇಲೆ ಹತ್ತಿಸಿ ಹಳೆಯ ಸಂಖ್ಯೆಗೆ ತರಬೇಕು. ತರದಿದ್ದರೆ ನೀವು ಬದಲಿಸಿದ್ದು ಒಂದಲ್ಲ, ಎರಡು. ಆಮೇಲೆ ಯಾವುದರಿಂದ ಏನಾಯಿತು ಅಂತ ದೇವರೇ ಹೇಳಬೇಕು.

ಹೊರಬೀಳುವಾಗಿನ ಲೂಸ್ ನಡು ತಿರುವಿನ ಟೈಟ್‌ನಿಂದ ಹುಟ್ಟಿದ್ದಲ್ಲ ಎಂದು ಖಚಿತವಾದ ಮೇಲಷ್ಟೇ ಕ್ರಾಸ್ ಅರ್ಧ ಶೇಕಡಾ ಏರಿಸಿ. ಎಡ ಹಿಂದಿನ ಸ್ಪ್ರಿಂಗ್ ಒಂದು ಹಂತ ಗಟ್ಟಿ ಮಾಡಿದರೂ ಆಕ್ಸಿಲರೇಟರ್ ಒತ್ತಿದಾಗ ಆ ಚಕ್ರ ಗಟ್ಟಿಯಾಗಿ ನೆಲ ಹಿಡಿಯುತ್ತದೆ. ನಮ್ಮ ಕಾರಿನಲ್ಲಿ ಅಂದು ಕೊನೆಗೆ ಮಾಡಿದ್ದು ಇದಕ್ಕೆ ತದ್ವಿರುದ್ಧ: ನಾನು ಏರಿಸಿದ್ದ ಕ್ರಾಸನ್ನೆಲ್ಲ ಇಳಿಸಿ, ಬಲ ಮುಂದಿನ ಸ್ಪ್ರಿಂಗನ್ನು 50 ಪೌಂಡ್ ಮೆತ್ತಗೆ ಮಾಡಿದೆವು. ಮುಂಭಾಗ ತಿರುಗಿತು, ಸ್ಟೀರಿಂಗ್ ಎಳೆಯುವ ಅಗತ್ಯ ಬೀಳಲಿಲ್ಲ, ಹೊರದಾರಿಯ ಲೂಸ್ ತಾನಾಗಿ ಮಾಯವಾಯಿತು.

ಶಾಕ್ ಬಗ್ಗೆ ಒಂದೆರಡು ಮಾತು. ಶಾಕ್ ಎಷ್ಟು ಭಾರ ಸರಿಯಬೇಕು ಎಂದು ನಿರ್ಧರಿಸುವುದಿಲ್ಲ, ಎಷ್ಟು ಬೇಗ ಸರಿಯಬೇಕು ಎಂದು ನಿರ್ಧರಿಸುತ್ತದೆ. ಆದ್ದರಿಂದ ಅದರ ಪರಿಣಾಮ ನುಗ್ಗುವಾಗ ಮತ್ತು ಹೊರಬೀಳುವಾಗ, ಕಾರು ಅಲ್ಲಾಡುವಾಗ. ಮುಂದಿನ ಶಾಕ್‌ಗಳ ರೀಬೌಂಡ್ (ಶಾಕ್ ಹಿಗ್ಗುವಾಗ ಒಡ್ಡುವ ತಡೆ) ಸಡಿಲ ಇದ್ದರೆ ಆಕ್ಸಿಲರೇಟರ್ ಒತ್ತಿದಾಗ ಮೂತಿ ಬೇಗ ಏಳುತ್ತದೆ, ಹಿಂದಿನ ಚಕ್ರಕ್ಕೆ ಭಾರ ಬೇಗ ಸಿಗುತ್ತದೆ. ವೇಗದ ಡಾಂಬರು ಟ್ರ್ಯಾಕಿನವರು ಬೇಕೆಂದೇ ಉಲ್ಟಾ ಮಾಡುತ್ತಾರೆ: ರೀಬೌಂಡ್ ಬಿಗಿದು ಮೂತಿಯನ್ನು ನೆಲಕ್ಕೆ ಕಟ್ಟಿಹಾಕಿ, ಎದುರು ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ ಗಳಿಸುತ್ತಾರೆ. 2000ರ ದಶಕದಲ್ಲಿ ನ್ಯಾಸ್ಕಾರ್‌ನಲ್ಲಿ ಹಬ್ಬಿದ ಮೆತ್ತನೆ ಸ್ಪ್ರಿಂಗ್, ದಪ್ಪ ಸ್ವೇ ಬಾರ್ ಸೆಟಪ್ ಹುಟ್ಟಿದ್ದೂ ಮೂತಿ ತಗ್ಗಿಸುವ ಆಸೆಯಿಂದಲೇ. ಹೊಸಬರು ಅದರ ಸಹವಾಸಕ್ಕೆ ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ತಪ್ಪಿಗೆ ಜಾಗ ಕಡಿಮೆ, ಖರ್ಚು ಹೆಚ್ಚು. ಇನ್ನು 2022ರಿಂದ ನ್ಯಾಸ್ಕಾರ್ ಕಪ್ ಕಾರಿಗೆ ಹಿಂದೆ ಗಟ್ಟಿ ಆಕ್ಸಲ್ಲೇ ಇಲ್ಲ, ಪ್ರತ್ಯೇಕ ಸಸ್ಪೆನ್ಷನ್ ಬಂದಿದೆ, ಅವರ ಮಾತು ಕೇಳಿ ನಿಮ್ಮ ಕಾರು ಮುಟ್ಟಬೇಡಿ.

ಮಣ್ಣಿನ ಟ್ರ್ಯಾಕಿನವರಿಗೆ

ಓಹಾಯೋದ ಎಲ್ಡೋರಾದಂಥ ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕಿಗೆ ಹೋದರೆ ಮೇಲಿನ ಲೆಕ್ಕ ಸುಳ್ಳಾಗುವುದಿಲ್ಲ, ಆದರೆ ನೆಲ ಗಂಟೆಗೊಮ್ಮೆ ಬದಲಾಗುತ್ತದೆ. ಸಂಜೆ ನೀರು ಹಾಕಿದ ಮಣ್ಣು ಅಂಟಂಟು, ಹಿಡಿತ ಬೇಕಾದಷ್ಟು. ಮುಖ್ಯ ರೇಸಿನ ಹೊತ್ತಿಗೆ ಅದೇ ಮಣ್ಣು ಸಗಣಿ ಸಾರಿಸಿದ ಅಂಗಳದಂತೆ ನಯವಾಗಿ ಹೊಳೆಯುತ್ತದೆ. ಆಗ ತಿರುವಿನ ಬಲವೇ ಕಡಿಮೆ, ಸರಿಯುವ ಭಾರವೂ ಕಡಿಮೆ, ಟೈರು ನೆಲಕ್ಕೆ ಕಚ್ಚುವುದಿಲ್ಲ. ಡಾಂಬರಿನವರು ಸೀಸವನ್ನು ಕೆಳಗಿಳಿಸಿದರೆ ಇವರು ಬೇಕೆಂದೇ ಮೇಲೇರಿಸುತ್ತಾರೆ, ಬಲ ಚಕ್ರಕ್ಕೆ ಒಂದಿಷ್ಟಾದರೂ ಭಾರ ಬೀಳಲಿ ಅಂತ. ಹಿಂಭಾಗದ ಶೇಕಡಾ ಹೆಚ್ಚಿಸುತ್ತಾರೆ, ಗಾಳಿ ಇಳಿಸುತ್ತಾರೆ, ಸ್ಪ್ರಿಂಗ್ ಮೆತ್ತಗಾಗಿಸುತ್ತಾರೆ. ಇಲ್ಲಿ ಕ್ರಾಸ್ ಶೇಕಡಾ ಬದಲು ಎಡ ಹಿಂದಿನದು ಬಲ ಹಿಂದಿನದಕ್ಕಿಂತ ಎಷ್ಟು ಪೌಂಡ್ ಹೆಚ್ಚು ಎಂದು ಮಾತಾಡುವವರೇ ಜಾಸ್ತಿ. ಅದಕ್ಕೆ ಬೈಟ್ ಅನ್ನುತ್ತಾರೆ. ಮಣ್ಣಿನಲ್ಲಿ ಪಾನಾ ಹಿಡಿಯುವ ಮುನ್ನ ಟ್ರ್ಯಾಕ್ ಮೇಲೆ ನಡೆದು, ಬೂಟಿನ ಹಿಮ್ಮಡಿಯಿಂದ ಒತ್ತಿ ನೋಡುವುದು ಯಾವ ಮಾಪಕಕ್ಕೂ ಕಡಿಮೆಯಲ್ಲ.

ಪುಸ್ತಕ ಮತ್ತು ಮತ್ತೆ ಸ್ಕೇಲ್

ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನು ಕಾಗದದ ಮೇಲೆ ಬರೆಯುವುದು. ನಮ್ಮದು ಎಣ್ಣೆ ಹಿಡಿದ ನೂರು ಪುಟದ ನೋಟ್‌ಬುಕ್. ದಿನಾಂಕ, ಬಿಸಿಲೋ ಮೋಡವೋ, ಟ್ರ್ಯಾಕ್ ಬಿಸಿ, ಟೈರಿನ ಒತ್ತಡ ತಣ್ಣಗಿದ್ದಾಗ ಮತ್ತು ಬಿಸಿಯಾದಾಗ, ಸ್ಟ್ಯಾಗರ್, ಮೂರು ಶೇಕಡಾ, ಸುತ್ತಿನ ಸಮಯ, ಡ್ರೈವರ್ ಹೇಳಿದ್ದು, ಬೇಲಿಯ ಬಳಿ ನಿಂತವರು ಕಂಡದ್ದು. ಕೊನೆಯ ಎರಡು ಸಾಲು ಒಂದಕ್ಕೊಂದು ಹೊಂದದಿದ್ದರೆ ಅಡಿಗೆರೆ ಎಳೆಯಿರಿ. ಬದಲಾವಣೆಯಿಂದ ಸಮಯ ಸುಧಾರಿಸದಿದ್ದರೆ ಅದನ್ನು ವಾಪಸು ತೆಗೆದು ಆಮೇಲೆ ಮುಂದಿನದು. ಎರಡು ಕೆಟ್ಟ ಬದಲಾವಣೆಗಳ ಮೇಲೆ ಮೂರನೆಯದನ್ನು ಕಟ್ಟಬೇಡಿ.

ರೇಸ್ ಮುಗಿದ ಮೇಲೆ, ಎಷ್ಟೇ ದಣಿದಿದ್ದರೂ, ಗ್ಯಾರೇಜಿಗೆ ಬಂದು ತೊಳೆದು, ಅದೇ ಬಣ್ಣದ ಗುರುತುಗಳ ಮೇಲೆ ಕಾರನ್ನು ಮತ್ತೆ ಸ್ಕೇಲ್‌ಗೆ ಹತ್ತಿಸಿ. ಬೆಳಗಿನದೇ ಒತ್ತಡ, ಅಷ್ಟೇ ಇಂಧನ, ಅದೇ ಮರಳಿನ ಚೀಲ. ನಾಲ್ಕು ಸಂಖ್ಯೆಗಳು ಬೆಳಿಗ್ಗೆ ಬಿಟ್ಟಲ್ಲೇ ಇದ್ದರೆ ಮಲಗಬಹುದು. ಕ್ರಾಸ್ ಒಂದು ಶೇಕಡಾ ಆಚೀಚೆ ಆಗಿದ್ದರೆ ಎಲ್ಲೋ ಏನೋ ಬಗ್ಗಿದೆ, ಇಲ್ಲವೇ ಸ್ಪ್ರಿಂಗ್ ಕುಳಿತಿದೆ. ಟಾರ್ಚ್ ಹಿಡಿದು ಬಲ ಮುಂದಿನ ಮೂಲೆಯಿಂದ ಹುಡುಕಲು ಶುರು ಮಾಡಿ, ಗೋಡೆಗೆ ಹತ್ತಿರ ಇದ್ದದ್ದು ಅದೇ.